ಆಸಕ್ತಿ ತೋರಿಸಿದರೆ ಲಾ ಸೀಟು ಸಿಗುತ್ತಾ?

ಅಮೆರಿಕದಲ್ಲಿ ಲಾ ಓದಲು ಹೊರಟ ಮಕ್ಕಳ ಅಪ್ಪ-ಅಮ್ಮ ನನ್ನನ್ನು ಕೇಳುವುದು ಇದನ್ನೇ: “ಮಗಳು ಎರಡು ಸಲ ಕ್ಯಾಂಪಸ್ ನೋಡಿಕೊಂಡು ಬಂದಳು, ಅಡ್ಮಿಷನ್ ಆಫೀಸಿಗೆ ಮೇಲ್ ಹಾಕ್ತಾನೇ ಇದಾಳೆ. ಆಸಕ್ತಿ ತೋರಿಸಿದ್ರೆ ಸೀಟು ಸಿಗುತ್ತಂತಲ್ಲ, ಹೌದಾ?”

ನಾವು ಸಿಇಟಿ ಬರೆದು, ಆಪ್ಷನ್ ಎಂಟ್ರಿ ಮಾಡಿ ಸೀಟಿಗೆ ಕಾದವರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೂ ಕ್ಲಾಟ್ ರ‍್ಯಾಂಕೇ ಆಧಾರ. ‘ನಮ್ಮ ಕಾಲೇಜೇ ಯಾಕೆ ಬೇಕು’ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಎಷ್ಟೋ ಕಾಲೇಜು ಕೇಳುತ್ತವೆ. ಒಬ್ಬೊಬ್ಬರೂ ಹಲವು ಕಡೆ ಅರ್ಜಿ ಹಾಕಿರುತ್ತಾರಲ್ಲ, ಸೀಟು ಕೊಟ್ಟರೆ ಬರುತ್ತಾರಾ ಅನ್ನುವ ಚಿಂತೆ ಕಾಲೇಜಿಗೂ ಇದೆ.

ಆದರೆ ಎಲ್‌ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಅಂಕವೂ ಡಿಗ್ರಿಯ ಜಿಪಿಎಯೂ ಕಡಿಮೆಯಿದ್ದರೆ ಕ್ಯಾಂಪಸ್ ಭೇಟಿ ಆ ಕೊರತೆ ತುಂಬುವುದಿಲ್ಲ. ಉತ್ತರ ವೆಬ್‌ಸೈಟಿನಲ್ಲೇ ಇರುವ ಪ್ರಶ್ನೆಯನ್ನು ಮೇಲ್ ಮಾಡಿ ಕೇಳಿದರೆ ಆಸಕ್ತಿಗಿಂತ ಅಸಡ್ಡೆಯೇ ಕಾಣುತ್ತದೆ.

ಆಸಕ್ತಿ ನಿಜವಾಗಿ ಕಾಣುವುದು ಅರ್ಜಿಯ ಜೊತೆ ಬರೆದು ಕಳಿಸುವ ಪ್ರಬಂಧದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಅಲ್ಲಿ 2009ರಿಂದ ಇನೊಸೆನ್ಸ್ ಕ್ಲಿನಿಕ್ ಇದೆ. ಡಿಎನ್ಎ ಪುರಾವೆಯ ಆಸರೆ ಇಲ್ಲದ ಪ್ರಕರಣಗಳಲ್ಲಿ, ತಪ್ಪು ಮಾಡದೆ ಶಿಕ್ಷೆಗೊಳಗಾದವರ ಪರ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ಡಿಗ್ರಿಯಲ್ಲಿ ಸೈಕಾಲಜಿ ಓದಿ, ಪ್ರತ್ಯಕ್ಷಸಾಕ್ಷಿಗಳ ನೆನಪು ಹೇಗೆ ಕೈಕೊಡುತ್ತದೆ ಅಂತ ಪ್ರಾಜೆಕ್ಟ್ ಮಾಡಿದವಳು ಈ ಕ್ಲಿನಿಕ್ ಬಗ್ಗೆ ಬರೆದರೆ, ಅವಳಿಗೆ ಅಲ್ಲೇ ಏನು ಕೆಲಸವಿದೆ ಅನ್ನುವುದು ಓದುವವರಿಗೆ ತಿಳಿಯುತ್ತದೆ. ‘ನಿಮ್ಮ ಪ್ರಾಧ್ಯಾಪಕರು ವಿಶ್ವವಿಖ್ಯಾತರು’ ಅನ್ನುವ ಸಾಲನ್ನು ಯಾವ ಕಾಲೇಜಿಗೆ ಬೇಕಾದರೂ ಕಳಿಸಬಹುದು. ದಯವಿಟ್ಟು ಕಳಿಸಬೇಡಿ.

ವೇಟ್‌ಲಿಸ್ಟಿಗೆ ಬಿದ್ದಾಗಲಂತೂ ಆಸಕ್ತಿಗೆ ತೂಕ ಜಾಸ್ತಿ. ನಾನೂ ಬಿದ್ದಿದ್ದೆ. ಹೊಸ ಸೆಮಿಸ್ಟರಿನ ಅಂಕ, ಕಾನೂನು ನೆರವು ಕೇಂದ್ರದಲ್ಲಿ ಆಗಷ್ಟೇ ಹಿಡಿದಿದ್ದ ಕೆಲಸ, ‘ಸೀಟು ಕೊಟ್ಟರೆ ಖಂಡಿತ ಬರುತ್ತೇನೆ’ ಅನ್ನುವ ಮಾತು: ಇಷ್ಟನ್ನು ಒಂದೇ ಪುಟದಲ್ಲಿ ಬರೆದೆ. ಆ ಕೊನೆಯ ಮಾತನ್ನು ಒಂದೇ ಕಾಲೇಜಿಗೆ ಹೇಳಬೇಕು. ವಕೀಲಿಕೆಗೆ ಹೊರಟವರು ಸುಳ್ಳು ಭಾಷೆ ಕೊಟ್ಟು ಶುರುಮಾಡಬಾರದು.

ಇನ್ನು ಬೈಂಡಿಂಗ್ ಅರ್ಲಿ ಡಿಸಿಷನ್, ಅಂದರೆ ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಮೊದಲೇ ಒಪ್ಪಿಕೊಂಡು ಒಂದು ಕಾಲೇಜಿಗೆ ಅರ್ಜಿ ಹಾಕುವುದು. ಆಸಕ್ತಿ ತೋರಿಸಲು ಅದಕ್ಕಿಂತ ಗಟ್ಟಿ ದಾರಿಯಿಲ್ಲ, ನಿಜ. ಆದರೆ ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನು ವಾಪಸ್ ಪಡೆಯಬೇಕು, ಇನ್ನೊಂದು ಕಾಲೇಜಿನ ಸ್ಕಾಲರ್‌ಶಿಪ್ ತೋರಿಸಿ ಚೌಕಾಸಿ ಮಾಡುವ ಅವಕಾಶ ಹೋಗುತ್ತದೆ. ಮೂರು ವರ್ಷದ ಫೀಸಿಗೆ ಸಾಲ ಮಾಡುವ ಮನೆಯವರಿಗೆ ನಾನು ಇದನ್ನು ಬೇಡ ಅಂತಲೇ ಹೇಳುತ್ತೇನೆ, ಮಗಳಿಗೆ ಆ ಕಾಲೇಜು ಎಷ್ಟೇ ಇಷ್ಟವಿದ್ದರೂ.