ಲಾಕಿಂಗ್ ಪ್ಲೈಯರ್ ಎಂಬ ಮೂರನೆಯ ಕೈ

ಬೈಕಿನ ಹಿಂದಿನ ಲಗೇಜ್ ರ‍್ಯಾಕ್ ಇಂದು ಕೊನೆಗೂ ಗಟ್ಟಿಯಾಗಿ ನಿಂತಿತು! ವೆಲ್ಡಿಂಗ್ ಇಲ್ಲ. ಗರಗಸ, ಅರ, ಡ್ರಿಲ್, 25 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿ, 8 ಮಿ.ಮೀ. ಬೋಲ್ಟುಗಳು, ಅಷ್ಟೇ. ಆದರೆ ನಿಜವಾಗಿ ಕೈಹಿಡಿದದ್ದು, ಕಚ್ಚಿದ್ದನ್ನು ತಾವೇ ಹಿಡಿದಿಡುವ ಇಕ್ಕಳಗಳಾದ ಎರಡು ಲಾಕಿಂಗ್ ಪ್ಲೈಯರ್‌ಗಳು. ಹಿಡಿಯ ತುದಿಯ ತಿರುಪನ್ನು ಹೊಂದಿಸಿ ಅದುಮಿದರೆ ಒಳಗಿನ ಸನ್ನೆಕೋಲು ನಡುಬಿಂದುವನ್ನು ದಾಟಿ ಕೂರುತ್ತದೆ. ಆಮೇಲೆ ನಾವು ಕೈಬಿಟ್ಟರೂ ದವಡೆ ಬಿಡುವುದಿಲ್ಲ. ಎರಡು ಪಟ್ಟಿಗಳನ್ನು ಹೀಗೆ ಕಚ್ಚಿಸಿಟ್ಟು ಒಟ್ಟಿಗೇ ರಂಧ್ರ ಕೊರೆದೆ. ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೊದಲ ಸಲ ಬೇರೆ ಬೇರೆಯಾಗಿ ಕೊರೆದು ಎರಡನ್ನೂ ಹಾಳುಮಾಡಿದ್ದೆ.

ಈ ಲಾಕ್‌ಗೆ 1924ರಲ್ಲಿ ಪೇಟೆಂಟ್ ಪಡೆದವನು ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದ ಕಮ್ಮಾರ ವಿಲಿಯಂ ಪೀಟರ್ಸನ್. ಕಬ್ಬಿಣದೊಡನೆ ದಿನವಿಡೀ ಗುದ್ದಾಡಿದವನಿಗೆ ಮಾತ್ರ ಹೊಳೆಯುವ ಉಪಾಯ ಎಂದು ಅದನ್ನು ಅದುಮಿದಾಗಲೆಲ್ಲ ಅನಿಸುತ್ತದೆ.

ಕಂಪನಕ್ಕೆ ಸಾಮಾನ್ಯ ನಟ್ಟು ಸಡಿಲವಾಗುತ್ತದೆ, ನೈಲಾನ್ ಉಂಗುರವಿರುವುದನ್ನೇ ಹಾಕಿದ್ದೇನೆ. ರ‍್ಯಾಕ್ ಕುಳಿತಿರುವುದು ಚಾಸಿಯ ಮೇಲೆ, ಮಡ್‌ಗಾರ್ಡ್ ಮೇಲಲ್ಲ. ಭಾರ ಹಿಂಚಕ್ರದ ಅಚ್ಚನ್ನು ದಾಟಿ ಹಿಂದೆ ಹೋದಷ್ಟೂ ಮುಂಚಕ್ರ ಹಗುರಾಗಿ ಹಿಡಿತ ತಪ್ಪುತ್ತದೆ. ಆದ್ದರಿಂದ ಅದನ್ನು ಸೀಟಿಗೆ ಆದಷ್ಟು ಹತ್ತಿರ ತಂದಿದ್ದೇನೆ. ನಾಳೆ ತುಕ್ಕುನಿರೋಧಕ ಬಣ್ಣ ಬಳಿಯಬೇಕು.