ಕಸದ ತೊಟ್ಟಿಯ ಚಿಲಕ

ಕೆಲಸಕ್ಕೆ ಸೇರಿದ ದಿನ ಮೇಲ್ವಿಚಾರಕರು ಒಲೆ ತೋರಿಸುವ ಮೊದಲು ಕಸದ ತೊಟ್ಟಿಯ ಚಿಲಕ ತೋರಿಸಿದರು. ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸು ಅಂದರು. ಇಷ್ಟು ಸಣ್ಣದಕ್ಕೆ ಇಷ್ಟೊಂದು ಮಾತೇಕೆ ಅನ್ನಿಸಿತ್ತು.

ನಾನಿದ್ದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಗರಿ ದ್ವೀಪದಲ್ಲಿ, ಪ್ರವಾಸಿಗರ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ. ಫ್ರೇಸರ್ ಐಲ್ಯಾಂಡ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನ ಇಟ್ಟ ಹಳೆಯ ಹೆಸರು 2023ರಲ್ಲಿ ಅಧಿಕೃತವಾಗಿ ವಾಪಸು ಬಂತು. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ಡಿಂಗೊ ಅನ್ನುವ ಅಲ್ಲಿನ ಕಾಡುನಾಯಿಗಳ ತಳಿ ಬೆರಕೆಯಾಗಬಾರದೆಂದು ಅಲ್ಲಿಗೆ ಸಾಕುನಾಯಿ ತರುವಂತಿಲ್ಲ.

ನಾನು ಹಾಸನದ ಕಡೆಯವನು. ನಮ್ಮಜ್ಜಿ ಮುದ್ದೆಯ ಕೊನೆಯ ತುತ್ತನ್ನು ಅಂಗಳದ ನಾಯಿಗೆ ಹಾಕದೆ ಕೈ ತೊಳೆದವರಲ್ಲ. ಆ ಅಭ್ಯಾಸ ನನ್ನ ಜೊತೆಗೇ ಬಂದಿತ್ತು.

ಒಂದು ಸಂಜೆ ಹಿಂಬಾಗಿಲ ಹತ್ತಿರ ಒಂದು ಹೆಣ್ಣು ಡಿಂಗೊ ನಿಂತಿತ್ತು. ಕೆಂಚು ಬೆನ್ನು, ಬಿಳಿ ಪಾದ, ಬಾಲದ ತುದಿಯೂ ಬಿಳಿ, ಕಿವಿಯಲ್ಲಿ ಹಸಿರು ಬಿಲ್ಲೆ. ಪಕ್ಕೆಲುಬು ಎಣಿಸಬಹುದಿತ್ತು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ, ಸುಮ್ಮನೆ ನೋಡುತ್ತಿತ್ತು. ನನ್ನ ಹೊಟ್ಟೆ ಚುರುಕ್ ಅಂತು. ತಟ್ಟೆಯಲ್ಲಿ ಉಳಿದಿದ್ದ ಕೋಳಿಯ ತುಂಡು ಎಸೆದೆ. ಅದನ್ನು ಕಚ್ಚಿಕೊಂಡು ಪೊದೆಯೊಳಗೆ ಹೋಯಿತು. ಮರುದಿನ ಅದೇ ಹೊತ್ತಿಗೆ ಬಂತು.

ಆ ಸಣಕಲು ಮೈ ಅದರ ಸಹಜ ಕಟ್ಟು ಅಂತ ಆಗ ನನಗೆ ಗೊತ್ತಿರಲಿಲ್ಲ. ಹಲ್ಲಿ, ಮೀನು, ಬ್ಯಾಂಡಿಕೂಟ್ ಅನ್ನುವ ಸಣ್ಣ ಪ್ರಾಣಿ, ದಡಕ್ಕೆ ಬಿದ್ದ ಸತ್ತ ಪ್ರಾಣಿ, ಹೀಗೆ ಅದರ ಊಟ ಅದಕ್ಕೆ ಸಿಗುತ್ತದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಮನುಷ್ಯರ ದೋಣಿಯಲ್ಲಿ ಆ ಖಂಡಕ್ಕೆ ಬಂದು ಕಾಡು ಸೇರಿದ ಜಾತಿ ಅದು. ಬುಚುಲ್ಲಾ ಜನರ ಮಾತಿನಲ್ಲಿ ಕಾಡಿನ ಡಿಂಗೊ ಅಂದರೆ ವೊಂಗಾರಿ. ಬಿಡಾರದ ಜೊತೆ ಬಾಳುತ್ತಿದ್ದ ಡಿಂಗೊಗೆ ಬೇರೆಯದೇ ಹೆಸರು. ಈ ಎರಡು ಹೆಸರಿನ ವಿಷಯ ಕೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ಹತ್ತಿರದಿಂದ ಬಲ್ಲವರು ಎರಡನ್ನೂ ಬೇರೆಯಾಗಿಯೇ ಇಟ್ಟಿದ್ದರು. ನಾನು ನಾಲ್ಕು ಸಂಜೆಯಲ್ಲಿ ಕಲಸಿಬಿಟ್ಟಿದ್ದೆ.

ಐದನೆಯ ಸಂಜೆ ನನಗೆ ರಜೆ. ಹಿಂಬಾಗಿಲು ತೆರೆಯಲಿಲ್ಲ. ಡಿಂಗೊ ಅಂಗಳದ ಮೇಜುಗಳ ಕಡೆ ಹೋಯಿತು. ಕೈಯಲ್ಲಿ ಊಟ ಹಿಡಿದಿದ್ದ ಪ್ರವಾಸಿ ಹೆಂಗಸು ಹೆದರಿ ಓಡಿದರು. ಓಡಿದವರ ಬೆನ್ನು ಹತ್ತುವುದು ಅದರ ಸ್ವಭಾವ. ಮೀನಖಂಡಕ್ಕೆ ಕಚ್ಚಿತು. ಗಾಯ ದೊಡ್ಡದಲ್ಲ. ಆದರೆ 2001ರಲ್ಲಿ ಅದೇ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗ ಡಿಂಗೊಗಳ ದಾಳಿಗೆ ಸತ್ತಿದ್ದ. ಅದರ ಬೆನ್ನಿಗೇ ಮೂವತ್ತಕ್ಕೂ ಹೆಚ್ಚು ಡಿಂಗೊಗಳನ್ನು ಕೊಲ್ಲಲಾಗಿತ್ತು. ಆಮೇಲಿಂದ ಜನರ ಮೇಲೆರಗುವ ಡಿಂಗೊ ವಿಚಾರದಲ್ಲಿ ಅಲ್ಲಿ ಯಾರೂ ಕಣ್ಣು ಮುಚ್ಚಿ ಕೂರುವುದಿಲ್ಲ. ಕೆಲವು ವಾರದಲ್ಲಿ ಇನ್ನೆರಡು ಸಲ ಜನರ ಮೇಲೆ ಬಂತು. ಹಸಿರು ಬಿಲ್ಲೆಯ ಡಿಂಗೊವನ್ನು ಹಿಡಿದು, ಚುಚ್ಚುಮದ್ದು ಕೊಟ್ಟು ಸಾಯಿಸಿಬಿಟ್ಟರು.

ಯಾರೂ ನನ್ನನ್ನು ಕೇಳಿರಲಿಲ್ಲ. ಎರಡು ರಾತ್ರಿ ನಿದ್ದೆ ಬರದೆ ರೇಂಜರ್ ಹತ್ತಿರ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಸಲ ಹಾಕಿದೆ ಅಂತಷ್ಟೇ ಕೇಳಿದರು. ನಾಲ್ಕು ಅಂದೆ. ಬರೆದುಕೊಂಡರು. ದಂಡ ಕಟ್ಟಿದೆ.

ಹೊಸಬರಿಗೆ ಚಿಲಕ ತೋರಿಸುವ ಕೆಲಸವನ್ನು ಆಮೇಲೆ ನಾನೇ ಕೇಳಿ ತೆಗೆದುಕೊಂಡೆ. ಡಿಂಗೊ ಎದುರಾದರೆ ಓಡಬೇಡಿ, ನೆಟ್ಟಗೆ ನಿಂತು ಕೈ ಕಟ್ಟಿಕೊಂಡು, ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದೆ ಸರಿಯಿರಿ ಅಂತ ನಿಂತು ತೋರಿಸುತ್ತಿದ್ದೆ. ಆಮೇಲೆ ಹಿಂಬಾಗಿಲಿಗೆ ಕರೆದುಕೊಂಡು ಹೋಗಿ ಅದು ನಿಲ್ಲುತ್ತಿದ್ದ ಜಾಗ ತೋರಿಸುತ್ತಿದ್ದೆ. ನಾಲ್ಕು ಸಲ ಅನ್ನುವುದನ್ನೂ ಹೇಳುತ್ತಿದ್ದೆ.