ಗಂಡನ್ನ ಕೊಲ್ಲಿಸಿದ ಹೆಂಗ್ಸೇ ಅಲ್ದನೇ ಇದು?

ಶಿರಸಿ ಕಡೆಯವರಿಗೆ ಅಡಿಕೆ ಸುಲಿಯೋ ರಾತ್ರಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾದ ಮೇಲೆ ಹಸಿ ಅಡಿಕೆ ರಾಶಿ ಹಾಕಿಕೊಂಡು ಸುಮ್ನೆ ಕೂರುವ ಹಾಗಿಲ್ಲ, ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಹಾಕಿಕೊಂಡು ಕೂತರೆ ಹನ್ನೊಂದೋ ಹನ್ನೆರಡೋ ಗಂಟೆ ತನಕ ಸುಲಿಯುವುದೇ ಕೆಲಸ. ಮೊದಲೆಲ್ಲ ಹತ್ತಾರು ಜನ ಸೇರಿ ಊರ ಸುದ್ದಿಯೆಲ್ಲ ಸುಲಿದು ಮುಗಿಸುತ್ತಿದ್ದರಂತೆ. ಈಗ ಕೆಲಸಕ್ಕೆ ಬಂದವರು ಎಂಟೂವರೆಗೇ ಮನೆಗೆ ಹೊರಡುತ್ತಾರೆ. ಉಳಿಯುವುದು ಆಯಿ (ಅಂದ್ರೆ ಅಮ್ಮ), ನಾನು, ಒಂದು ಬೆಕ್ಕು.

ಹಾಗಾಗಿ ಕಳೆದ ಸೀಸನ್ನಿನಲ್ಲಿ ಒಂದು ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಳೇ ಹಾಲಿವುಡ್ ಸಿನಿಮಾ ಹಾಕೋಕೆ ಶುರು ಮಾಡಿದೆ. ಕಪ್ಪು ಬಿಳುಪು, ಮೂವತ್ತು ನಲವತ್ತರ ದಶಕದವು. ಆಯಿಗೆ ಇಂಗ್ಲಿಷ್ ಬರುವುದಿಲ್ಲ. ನಾನೇ ನಡುನಡುವೆ ಕತೆ ಹೇಳಬೇಕು, ಚೆನ್ನಾಗಿರೋ ಜಾಗ ಬಂದರೆ ಹೇಳೋದನ್ನೇ ಮರೆಯುತ್ತೇನೆ. ಆಗ ಆಯಿಗೆ ಉಳಿಯುವುದು ಮುಖ ಮಾತ್ರ, ಮತ್ತೆ ಕೈ. ಇದರಿಂದ ಒಂದು ಲಾಭ ಆಯಿತು. ನಟಿಯರ ಬಗ್ಗೆ ನಾನು ಹತ್ತು ವರ್ಷ ಓದಿ ಗುಡ್ಡೆ ಹಾಕಿದ್ದನ್ನು ಆಯಿ ಒಂದು ತಿಂಗಳಲ್ಲಿ ಅರ್ಧಕ್ಕರ್ಧ ತಲೆಕೆಳಗು ಮಾಡಿಬಿಟ್ಟರು.

ಮೊದಲ ರಾತ್ರಿ ಹಾಕಿದ್ದು ನಿರ್ದೇಶಕ ಬಿಲ್ಲಿ ವೈಲ್ಡರ್‌ನ 'ಡಬಲ್ ಇಂಡೆಮ್ನಿಟಿ', 1944ರದ್ದು. ಬಾರ್ಬರಾ ಸ್ಟಾನ್ವಿಕ್ ಅದರಲ್ಲಿ ವಿಮೆ ಹಣಕ್ಕಾಗಿ ಗಂಡನನ್ನು ಕೊಲ್ಲಿಸುವ ಹೆಂಗಸು. ನೋಡಿದರೇ ಗೊತ್ತಾಗುವಂಥ ಹೊಂಬಣ್ಣದ ವಿಗ್, ಕಾಲಿಗೆ ಒಂದೆಳೆ ಚೈನು. ಕೊಲೆ ನಡೆಯುವುದು ಕಾರಿನಲ್ಲಿ, ಅವಳ ಪಕ್ಕದ ಸೀಟಿನಲ್ಲಿ. ಆದರೆ ನಮಗೆ ಕೊಲೆ ಕಾಣಿಸುವುದೇ ಇಲ್ಲ. ಕ್ಯಾಮೆರಾ ಅವಳ ಮುಖದ ಮೇಲೇ ನಿಂತಿರುತ್ತದೆ, ಅವಳು ರಸ್ತೆ ನೋಡುತ್ತಾ ಕೂತಿರುತ್ತಾಳೆ, ಆ ಮುಖದಲ್ಲಿ ಏನೋ ಒಂದು ಬಹಳ ಸಣ್ಣದು ಬದಲಾಗುತ್ತದೆ. ಆಯಿಯ ಕೈ ನಿಂತಿತು. ಸುಲಿಯುವಾಗ ಆಯಿಯ ಕೈ ನಿಲ್ಲುವುದು ಅಂದರೆ ಹುಡುಗಾಟ ಅಲ್ಲ, ಕಣ್ಣು ಮುಚ್ಚಿಕೊಂಡೂ ಸುಲಿಯುತ್ತಾರೆ ಅವರು.

ಎರಡು ದಿನ ಬಿಟ್ಟು 'ಸ್ಟೆಲ್ಲಾ ಡಲ್ಲಾಸ್' ಹಾಕಿದೆ, 1937ರದ್ದು. ಹತ್ತು ನಿಮಿಷ ಆಗಿರಬಹುದು, ಆಯಿ ಕೇಳಿದರು:

"ಮೊನ್ನೆ ಗಂಡನ್ನ ಕೊಲ್ಲಿಸಿದ ಹೆಂಗ್ಸೇ ಅಲ್ದನೇ ಇದು?"

(ನಮ್ಮ ಹವ್ಯಕರಲ್ಲಿ ಹೆಂಗಸರಿಗೆ 'ಅದು', 'ಇದು' ಅಂತಲೇ ಹೇಳುವುದು. ಬೇಜಾರು ಮಾಡ್ಕೋಬೇಡಿ.)

ಹೌದು ಅಂದೆ. "ಹಂಗಾದ್ರೆ ಇದ್ರ ನಂಬದು ಹ್ಯಾಂಗೆ?" ಅಂದರು.

ನಂಬಿದರು. ಕತೆ ಏನಂದರೆ, ಸ್ಟೆಲ್ಲಾ ಬಡ ಮನೆಯ ಹುಡುಗಿ, ದೊಡ್ಡ ಮನೆಯವನನ್ನು ಮದುವೆಯಾಗುತ್ತಾಳೆ, ಹೊಂದಿಕೆ ಆಗುವುದಿಲ್ಲ. ಜೋರು ಬಾಯಿ, ಅತಿಯಾದ ಅಲಂಕಾರ. ತನ್ನಿಂದ ಮಗಳಿಗೆ ನಾಚಿಕೆ ಆಗುತ್ತಿದೆ ಅಂತ ಗೊತ್ತಾದಾಗ ಮಗಳೇ ತನ್ನನ್ನು ಬಿಟ್ಟು ಹೋಗುವ ಹಾಗೆ ಮಾಡುತ್ತಾಳೆ. ಕೊನೆಗೆ ಮಗಳ ಮದುವೆಯನ್ನು ಬೀದಿಯಲ್ಲಿ, ಮಳೆಯಲ್ಲಿ ನಿಂತು ಕಿಟಕಿಯಿಂದ ನೋಡುತ್ತಾಳೆ, ಬಾಯಲ್ಲಿ ಕರ್ಚೀಫು ಕಚ್ಚಿಕೊಂಡು. ಪೊಲೀಸಿನವನು ಹೋಗಮ್ಮ ಹೋಗು ಅನ್ನುತ್ತಾನೆ. ಅವಳು ತಿರುಗಿ ನಮ್ಮ ಕಡೆಗೇ ನಡೆದು ಬರುತ್ತಾಳೆ, ನಗುತ್ತಾ. ಆಯಿ ಮೊಣಕೈ ಹತ್ತಿರದ ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು, ಬೆರಳಿಗೆಲ್ಲ ಹಸಿ ಅಡಿಕೆಯ ಕಲೆ ಇತ್ತಲ್ಲ.

ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದು ಆ ಪ್ರಶ್ನೆ. ಇದ್ರ ನಂಬದು ಹ್ಯಾಂಗೆ?

ನಮ್ಮ ಕಡೆ ಇದನ್ನು ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಸ್ತ್ರೀವೇಷದಲ್ಲೇ ಸೌಮ್ಯ ಹೆಂಗಸಿನ ಗರತಿ ವೇಷ ಬೇರೆ, ಕಚ್ಚೆ ಕಟ್ಟಿದ ವೀರ ಹೆಣ್ಣಿನ ಕಸೆ ಸ್ತ್ರೀವೇಷ ಬೇರೆ. ಕೆಲವರು ಒಂದಕ್ಕೇ ಸೈ. ಇನ್ನು ಕೆಲವರು ಯಾವ ವೇಷ ಹಾಕಿದರೂ ಅವರೇ ಆಗಿರುತ್ತಾರೆ, ಜನ ಅವರನ್ನೇ ನೋಡೋಕೆ ಹೋಗುತ್ತಾರೆ. ಯಕ್ಷಗಾನದ ದೊಡ್ಡ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನಾದರೂ ಕೀಚಕನಾದರೂ ಜನ ಹೊರಡುತ್ತಿದ್ದುದು "ಚಿಟ್ಟಾಣಿ ಇದ್ದಾರೆ" ಅಂತಲೇ ಅಲ್ವಾ? ಅದು ಕಡಿಮೆ ಅಂತ ಹೇಳುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ.

ಹಾಲಿವುಡ್ಡೂ ಆಗ ಹೆಚ್ಚುಕಮ್ಮಿ ಯಕ್ಷಗಾನ ಮೇಳದ (ತಂಡದ) ಹಾಗೇ ಇತ್ತು, ಒಂದು ವ್ಯತ್ಯಾಸ ಬಿಟ್ಟರೆ. ನಮ್ಮ ಕಲಾವಿದರು ಈ ವರ್ಷದ ತಿರುಗಾಟಕ್ಕೆ ಒಂದು ಮೇಳ, ಮುಂದಿನದಕ್ಕೆ ಇನ್ನೊಂದು ಅಂತ ಹೋಗಬಹುದು. ಅಲ್ಲಿ ಸ್ಟುಡಿಯೋ ಜೊತೆ ಏಳು ವರ್ಷದ ಒಪ್ಪಂದ. ಕೊಟ್ಟ ಪಾತ್ರ ಬೇಡ ಅಂದರೆ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸುವುದು, ಕೂತ ದಿನಗಳನ್ನು ಮತ್ತೆ ಒಪ್ಪಂದಕ್ಕೇ ಸೇರಿಸುವುದು. ಹಾಗಾಗಿ ಏಳು ವರ್ಷ ಮುಗಿಯುವುದೇ ಇಲ್ಲ. ಒಂದು ಇಮೇಜು ಗೆದ್ದಿತೆಂದರೆ ಅದನ್ನೇ ಅರೆದರೆದು ಕೊಡುತ್ತಿದ್ದರು. ನಟಿ ಬೆಟ್ಟಿ ಡೇವಿಸ್ 1936ರಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋ ಬಿಟ್ಟು ಇಂಗ್ಲೆಂಡಿಗೆ ಹೋದಳು, ಅಲ್ಲಿನ ಕೋರ್ಟಿನಲ್ಲಿ ಕೇಸು ಸೋತು ವಾಪಸ್ ಬಂದಳು. ಗೆದ್ದವಳು ಒಲಿವಿಯಾ ಡಿ ಹ್ಯಾವಿಲ್ಯಾಂಡ್. ಪಾಪದ, ಅಂದ್ರೆ ಮುಗ್ಧ ಹುಡುಗಿಯ ಪಾತ್ರ ಮಾಡಿ ಮಾಡಿ ಸಾಕಾಗಿ ಅದೇ ವಾರ್ನರ್ ಮೇಲೆ ಕೇಸು ಹಾಕಿದಳು. 1944ರಲ್ಲಿ ಕ್ಯಾಲಿಫೋರ್ನಿಯಾ ಕೋರ್ಟು ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ ಅಷ್ಟೇ ಅಂದಿತು. ಬಿಡುಗಡೆಯಾದ ಮೇಲೆ ಐದೇ ವರ್ಷದಲ್ಲಿ ಬಂದ ಎರಡು ಸಿನಿಮಾಗಳಿಗೆ ಎರಡು ಆಸ್ಕರ್ ತಗೊಂಡಳು. ಅವಳ 'ದಿ ಏರೆಸ್' ಸಿಕ್ಕರೆ ನೋಡಿ. ಕೊನೆಯಲ್ಲಿ ದೀಪ ಹಿಡಿದು ಮೆಟ್ಟಿಲು ಹತ್ತುತ್ತಾಳೆ, ಹೊರಗೆ ಒಬ್ಬ ಬಾಗಿಲು ಬಡಿಯುತ್ತಿರುತ್ತಾನೆ, ಅಷ್ಟೇ. ಆ ಪಾಪದ ಹುಡುಗಿ ಎಲ್ಲಿ ಹೋದಳು ಅಂತ ಹುಡುಕಬೇಕು.

ಕ್ಯಾಥರೀನ್ ಹೆಪ್‌ಬರ್ನ್ ವಿಷಯಕ್ಕೆ ಬಂದರೆ ನನಗೂ ಆಯಿಗೂ ಜಗಳ. ಅತ್ಯುತ್ತಮ ನಟಿ ಆಸ್ಕರ್ ನಾಲ್ಕು ಸಲ ಗೆದ್ದವಳು. ನನಗೆ ಅವಳು ಎಲ್ಲ ಕಡೆ ಒಂದೇ ಥರ ಕಾಣುತ್ತಾಳೆ: ಗದ್ದ ಮೇಲೆ, ಪಟಪಟ ಮಾತು, ಯಾರಿಗೂ ಕ್ಯಾರೇ ಅನ್ನದ ನಡಿಗೆ. ಆಯಿ ಎರಡು ಸಿನಿಮಾ ನೋಡಿ ತೀರ್ಪು ಕೊಟ್ಟರು. "ಇದು ಎಂತ ಮಾಡಿದ್ರೂ ಇದೇ ಆಗಿ ಇರ್ತು. ಆದ್ರೂ ನೋಡಕ್ಕು ಕಾಣ್ತು." (ಏನು ಮಾಡಿದರೂ ಇವಳು ಇವಳೇ, ಆದರೂ ನೋಡಬೇಕು ಅನ್ನಿಸುತ್ತದೆ ಅಂತ.) ನಾನು ಅದೇ ಕೊರತೆ ಅಂದೆ, ಅದೆಂತ ಕೊರತೆ ಅಂದರು. ಯೋಚನೆ ಮಾಡಿದರೆ ಆಯಿ ಹೇಳಿದ್ದೂ ಸರಿ. 1938ರಲ್ಲಿ ಥಿಯೇಟರ್ ಮಾಲೀಕರು ಜಾಹೀರಾತು ಕೊಟ್ಟು ಇವಳು ಗಲ್ಲಾಪೆಟ್ಟಿಗೆಗೆ ವಿಷ ಅಂದಿದ್ದರು. ಇವಳು ಏನು ಮಾಡಿದಳು? ಇಮೇಜು ಬದಲಾಯಿಸಲಿಲ್ಲ. ಜಂಬದ ಶ್ರೀಮಂತ ಹೆಣ್ಣಿನ ಕತೆಯ ನಾಟಕವೊಂದರಲ್ಲಿ ನಟಿಸಿ, ಅದರ ಸಿನಿಮಾ ಹಕ್ಕು ಕೈಯಲ್ಲಿಟ್ಟುಕೊಂಡು, ನಾಯಕಿ ನಾನೇ ಅಂತ ಷರತ್ತು ಹಾಕಿ ಎಂಜಿಎಂ ಸ್ಟುಡಿಯೋಗೆ ಮಾರಿದಳು. 1940ರ 'ದಿ ಫಿಲಡೆಲ್ಫಿಯಾ ಸ್ಟೋರಿ' ಅದು. ಜನರಿಗೆ ಸಿಟ್ಟು ಬರಿಸುತ್ತಿದ್ದ ಅದೇ ಜಂಬವನ್ನು ಕತೆಯಲ್ಲಿ ತಾನೇ ಮುರಿಸಿಕೊಂಡು ತೋರಿಸಿದಳು. ಮತ್ತೆ 'ದಿ ಆಫ್ರಿಕನ್ ಕ್ವೀನ್' ಇದೆ, 1951ರದ್ದು. ಅದರಲ್ಲಿ ಅವಳು ಮಿಷನರಿ ಹೆಂಗಸು. ದೋಣಿ ನೀರಿನ ರಭಸದಲ್ಲಿ ಕುಪ್ಪಳಿಸಿ ಪಾರಾದ ಮೇಲೆ ಅವಳ ಮುಖ ನೋಡಬೇಕು, ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮುಗಿಸಿ ಬಂದಾಗ ನನ್ನ ತಂಗಿಯ ಮುಖ ಹಾಗೇ ಇತ್ತು. ಗದ್ದ ಮಾತ್ರ ಅಲ್ಲೂ ಮೇಲೇ.

ಆಯಿಯ ಮೆಚ್ಚಿನವಳು ಬೆಟ್ಟಿ ಡೇವಿಸ್. ಕಣ್ಣು ನೋಡಿ ಹೆದರಿಕೆ ಆಗ್ತು ಅಂತ ಹೇಳುತ್ತಲೇ ನಾಳೆಯೂ ಅದೇ ಹಾಕು ಅನ್ನುತ್ತಿದ್ದರು. 'ದಿ ಲೆಟರ್' 1940ರ ಸಿನಿಮಾ, ಮಲಯದ ರಬ್ಬರ್ ತೋಟದಲ್ಲಿ ಶುರುವಾಗುತ್ತದೆ. ಬೆಳದಿಂಗಳು, ಮರದಿಂದ ಹಾಲು ತೊಟ್ಟಿಕ್ಕುತ್ತಿದೆ, ಆಳುಗಳು ಮಲಗಿದ್ದಾರೆ, ಢಂ ಅಂತ ಗುಂಡು. ಒಬ್ಬ ತೂರಾಡುತ್ತಾ ಜಗುಲಿಗೆ ಬಂದು ಬೀಳುತ್ತಾನೆ, ಹಿಂದೆಯೇ ಇವಳು ಬಂದು ಗುಂಡು ಖಾಲಿಯಾಗುವ ತನಕ ಹೊಡೆಯುತ್ತಾಳೆ. ಆಮೇಲೆ ಸಿನಿಮಾ ಪೂರ್ತಿ ಅವಳು ಸುಳ್ಳು ಹೇಳುವುದೇ. ನಾನು ಮಾತು ಕೇಳಿ ಅನುಮಾನ ಪಡುತ್ತಿದ್ದೆ. ಆಯಿ ನೋಡಿದ್ದು ಕೈಯನ್ನು. ಆ ಹೆಂಗಸು ಯಾವಾಗಲೂ ಲೇಸ್ ಹೆಣೆಯುತ್ತಾ ಕೂರುತ್ತಾಳೆ. "ಕೊಲೆ ಮಾಡಿದವ್ಕೆ ಕೈ ಇಷ್ಟು ನೆಟ್ಟಗೆ ನಿಂತ್ಕತ್ತನೇ?" ಅಂದರು, ಸರಸರ ಅಡಿಕೆ ಸುಲಿಯುತ್ತಾ.

ಡೇವಿಸ್‌ಗೆ ಚೆಂದ ಕಾಣಬೇಕು ಅನ್ನುವ ಹಟವೇ ಇರಲಿಲ್ಲ, ನನಗೆ ಇಷ್ಟವಾಗುವುದು ಅದು. 1939ರಲ್ಲಿ ಮುದಿ ರಾಣಿ ಎಲಿಜಬೆತ್ ಆಗೋಕೆ ಹಣೆಯ ಮೇಲಿನ ಕೂದಲು ಬೋಳಿಸಿಕೊಂಡಳು, ಆಗ ಅವಳಿಗೆ 31 ವರ್ಷ. 'ನೌ, ವಾಯೇಜರ್'ನಲ್ಲಿ ಅಮ್ಮನ ಕಾಟಕ್ಕೆ ಮುದುಡಿದ, ದಪ್ಪ ಹುಬ್ಬಿನ ಕನ್ನಡಕದ ಹೆಣ್ಣಾಗಿ ಶುರು ಮಾಡಿ ಹಡಗಿನ ಮೆಟ್ಟಿಲಿಳಿಯುವಾಗ ಬೇರೆಯೇ ಆಗಿಬಿಡುತ್ತಾಳೆ. 1962ರ 'ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್'ನಲ್ಲಿ ಮುಖಕ್ಕೆ ಬಿಳಿ ಬಣ್ಣ ಮೆತ್ತಿಕೊಂಡು ಬಂದಳು, ಆ ಮೇಕಪ್ ಅವಳದೇ ಯೋಚನೆ. ಆಯಿ "ಬಣ್ಣದ ವೇಷ ಬಂತು" ಅಂತ ನಕ್ಕರು, ಯಕ್ಷಗಾನದ ರಾಕ್ಷಸ ವೇಷ ಅದು. ಐದು ನಿಮಿಷ ಆದ ಮೇಲೆ ನಗಲಿಲ್ಲ.

ಇಂಗ್ರಿಡ್ ಬರ್ಗ್‌ಮನ್‌ದು ಇನ್ನೊಂದು ಕತೆ. 1945ರಲ್ಲಿ ಸನ್ಯಾಸಿನಿ ಪಾತ್ರ, 1948ರಲ್ಲಿ ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್, ಜನ ಅವಳನ್ನು ದೇವರ ಮಗಳೇ ಮಾಡಿಬಿಟ್ಟರು. ಇಟಲಿಯ ನಿರ್ದೇಶಕ ರೊಸೆಲ್ಲಿನಿ ಜೊತೆಗೆ ಸಂಬಂಧ, ಮದುವೆಗೂ ಮೊದಲೇ ಮಗು ಅಂತ ಗೊತ್ತಾದಾಗ 1950ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಅವಳ ವಿರುದ್ಧ ಭಾಷಣವೇ ಆಯಿತು. ಪಾತ್ರವನ್ನು ನಂಬಿದ್ದು ಅವರು, ಶಿಕ್ಷೆ ಇವಳಿಗೆ! ನಿಜವಾಗಿ ಅವಳು ಅದಕ್ಕೂ ಮೊದಲೇ 'ನಟೋರಿಯಸ್'ನಲ್ಲಿ ಕುಡುಕಿಯಾಗಿ, ಗೂಢಚಾರಳಾಗಿ ನಟಿಸಿ ತೋರಿಸಿದ್ದಳು. ಯಾರೂ ಗಮನ ಕೊಟ್ಟಿರಲಿಲ್ಲ ಅಂತ ಕಾಣುತ್ತದೆ. 'ಗ್ಯಾಸ್‌ಲೈಟ್' ನೋಡುವಾಗ ಮಾತ್ರ ಆಯಿಯನ್ನು ಸುಮ್ಮನಿರಿಸೋಕೆ ಆಗಲಿಲ್ಲ. ಗಂಡ ದಿನಾ ಒಂದೊಂದು ಸುಳ್ಳು ಹೇಳಿ ಹೆಂಡತಿಗೆ ಹುಚ್ಚು ಅಂತ ಅವಳೇ ನಂಬುವ ಹಾಗೆ ಮಾಡುತ್ತಾನಲ್ಲ, ಪ್ರತಿ ಸಲ ಅವನು ಬಂದಾಗಲೂ "ಒದ್ದು ಹೊರಗೆ ಹಾಕಕ್ಕಿತ್ತು ಅವ್ನ" ಅಂತ ಶುರು. ನಮ್ಮ ಕಲ್ಪನಾ 'ಶರಪಂಜರ'ದಲ್ಲಿ ಮಾಡಿದ್ದು ನೆನಪಾಯಿತಂತೆ. ಕಲ್ಪನಾ ಎಲ್ಲವನ್ನೂ ಹೊರಗೆ ಸುರಿಯುತ್ತಾಳೆ, ಇಂಗ್ರಿಡ್ ಒಳಗೇ ಕುಸಿಯುತ್ತಾಳೆ. ಯಾವುದು ಮೇಲು ಅಂತ ಕೇಳಬೇಡಿ, ನಮ್ಮನೇಲಿ ಕಲ್ಪನಾ ವಿರುದ್ಧ ಮಾತಾಡುವ ಹಾಗಿಲ್ಲ.

ಆಡ್ರಿ ಹೆಪ್‌ಬರ್ನ್ ಅಭಿಮಾನಿಗಳು ಬೈಯಬಹುದು, ಆದರೆ ಅವಳ ಜಿಂಕೆ ಕಣ್ಣು ನನಗೆ ಮೂರನೇ ಸಿನಿಮಾಕ್ಕೇ ಸಾಕಾಗುತ್ತದೆ. 'ದಿ ನನ್ಸ್ ಸ್ಟೋರಿ' ಬಿಟ್ಟು. ಮರ್ಲಿನ್ ಮನ್ರೋ ಬಗ್ಗೆ ಒಂದೇ ಮಾತು: 1952ರ 'ಡೋಂಟ್ ಬಾದರ್ ಟು ನಾಕ್'ನಲ್ಲಿ ಮನಸ್ಸಿನ ಹಿಡಿತ ತಪ್ಪಿದ, ಮಗು ನೋಡಿಕೊಳ್ಳಲು ಬಂದ ಹುಡುಗಿಯಾಗಿ ಅವಳನ್ನು ನೋಡಿದವರು ಆಮೇಲೆ ಅವಳನ್ನು ಬರೀ ಬೆಡಗಿ ಅನ್ನುವುದಿಲ್ಲ.

ಮತ್ತೆ ಸ್ಟಾನ್ವಿಕ್‌ಗೇ ಬರುತ್ತೇನೆ, ನನ್ನ ವೋಟು ಅವಳಿಗೇ. ನಾಲ್ಕು ಸಲ ಆಸ್ಕರ್‌ಗೆ ಹೆಸರು ಹೋಯಿತು, ಒಮ್ಮೆಯೂ ಗೆಲ್ಲಲಿಲ್ಲ. 1982ರಲ್ಲಿ ಗೌರವ ಆಸ್ಕರ್ ಕೊಟ್ಟರು. ಅವಳು ಒಂದೇ ಸ್ಟುಡಿಯೋಗೆ ಕಟ್ಟುಬಿದ್ದವಳಲ್ಲ, ಹೊತ್ತು ಮೆರೆಸೋಕೆ ತನ್ನದು ಅಂತ ಒಂದು ಮೇಳ ಇರಲಿಲ್ಲ, ಅದೂ ಒಂದು ಕಾರಣ ಅಂತ ನನ್ನ ಲೆಕ್ಕ. ಇನ್ನೊಂದು ಕಾರಣ, ಅವಳ ಕೆಲಸ ಕೆಲಸದ ಹಾಗೆ ಕಾಣುವುದೇ ಇಲ್ಲ. ಡೇವಿಸ್ ಬದಲಾದರೆ ಬದಲಾದಳು ಅಂತ ನಮಗೆ ಗೊತ್ತಾಗುತ್ತದೆ. ಸ್ಟಾನ್ವಿಕ್‌ದು ಅದೇ ಮುಖ, ಅದೇ ದನಿ, ಅದೇ ಬ್ರೂಕ್ಲಿನ್ ಹುಡುಗಿ. ಒಂದು ದಿನ ಕೊಲೆಗಾತಿ, ಇನ್ನೊಂದು ದಿನ ತಾಯಿ. ಎರಡನ್ನೂ ನಂಬಿದ್ದು ನಾವೇ.

ಸೀಸನ್ನಿನ ಕೊನೇ ರಾತ್ರಿ 'ದಿ ಲೇಡಿ ಈವ್' ಹಾಕಿದೆ, 1941ರದ್ದು, ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್‌ನ ತಮಾಷೆ ಸಿನಿಮಾ. ಇಸ್ಪೀಟಿನಲ್ಲಿ ಮೋಸ ಮಾಡುವ ಹುಡುಗಿ ಇವಳು. ಹಡಗಿನಲ್ಲಿ ಒಬ್ಬ ಪೆದ್ದು ಶ್ರೀಮಂತನನ್ನು ಬಲೆಗೆ ಹಾಕಿಕೊಂಡು ತಾನೇ ಅವನನ್ನು ಪ್ರೀತಿಸುತ್ತಾಳೆ, ಅವನು ಕೈ ಕೊಡುತ್ತಾನೆ. ಸೇಡಿಗೆ ಅವನ ಮನೆಗೇ ಇಂಗ್ಲೆಂಡಿನ ದೊಡ್ಡ ಮನೆತನದ ಹೆಣ್ಣಾಗಿ ಬರುತ್ತಾಳೆ. ವಿಗ್ ಇಲ್ಲ, ಬಣ್ಣ ಇಲ್ಲ. ಬಟ್ಟೆ ಜೋರು, ಮಾತಿನ ಧಾಟಿ ಬೇರೆ, ಅಷ್ಟೇ. ಆ ಶ್ರೀಮಂತನಾಗಿ ಮಾಡಿದ ಹೆನ್ರಿ ಫೋಂಡಾ ಎದುರಿಗೇ ನಿಂತು ಪಿಳಿಪಿಳಿ ನೋಡುತ್ತಾನೆ. ಇಷ್ಟು ಹೋಲುತ್ತಾಳೆ ಅಂದ ಮೇಲೆ ಇವಳು ಅವಳಾಗಿರೋಕೆ ಸಾಧ್ಯವೇ ಇಲ್ಲ, ಅವಳಾಗಿದ್ದರೆ ಕೂದಲಿಗಾದರೂ ಬಣ್ಣ ಹಾಕಿಕೊಂಡು ಬರುತ್ತಿದ್ದಳು ಅಂತ ಅವನ ವಾದ. ಅವನ ಆಳು ಮಾತ್ರ ಅದೇ ಹೆಂಗಸು, ಅದೇ ಹೆಂಗಸು ಅಂತ ಕೊನೆ ತನಕ ಗೊಣಗುತ್ತಿರುತ್ತಾನೆ.

ಆಯಿಗೆ ಇಷ್ಟನ್ನೂ ಹೇಳಿದೆ. ಸುಲಿದ ಅಡಿಕೆ ಬುಟ್ಟಿಗೆ ತುಂಬಿ, ಸಿಪ್ಪೆ ಗುಡಿಸಿ ಮೂಲೆಗೆ ದೂಡಿ, ಎದ್ದು ಸೊಂಟ ಹಿಡಿದುಕೊಂಡು ನಿಂತೇ ಸ್ವಲ್ಪ ಹೊತ್ತು ನೋಡಿದರು.

"ಅವಂಗೆ ಕಣ್ಣು ಕಾಣ್ತಿಲ್ಯನೇ? ಗಂಡನ್ನ ಕೊಲ್ಲಿಸಿದ್ದೇ ಅಲ್ದ ಇದು."